ಪಿಳ್ಳಪ್ಪನ ಮಿಷನ್ನಿನಲ್ಲಿ ಕರೆಂಟು ಎಣಿಸಿದ ದಿನ

ಒಂದೇ ಹಗಲಿನಲ್ಲಿ ಮುನ್ನೂರ ಹದಿನಾಲ್ಕು ಸಲ ಕರೆಂಟು ಹೋಗಿ, ಮುನ್ನೂರ ಹದಿನಾಲ್ಕು ಸಲವೂ ವಾಪಸು ಬಂದ ಊರು ಭೂಮಂಡಲದಲ್ಲಿ ನಮ್ಮದೊಂದೇ. ನಂಬದವರು ಸಾಸಲಿನ ದಾರಿಯಲ್ಲಿ ಬಸ್ಸಿಳಿದು ಪಿಳ್ಳಪ್ಪನ ಹಿಟ್ಟಿನ ಮಿಷನ್ ಎಲ್ಲಿ ಎಂದು ಕೇಳಲಿ. ಎಣಿಸಿದ್ದು ನಾನಲ್ಲ, ಯಂತ್ರ. ಯಂತ್ರ ಸುಳ್ಳು ಹೇಳೀತೇ?

ಪಿಳ್ಳಪ್ಪ ನನ್ನ ಪಕ್ಕದ ಮನೆಯವನು. ಅವನ ಮಿಷನ್ ಮನೆಯ ಹಿಂದೆಯೇ ನನ್ನ ಗುಲಾಬಿ ತೋಟ. ಅವನು ರಾಗಿ ಸುರಿದು ಮಿಷನ್ ಶುರು ಮಾಡಿದನೆಂದರೆ ಸಾಕು, ಕರೆಂಟು ಕಾಲು ಕೀಳುತ್ತಿತ್ತು. ಅರ್ಧ ರಾಗಿ, ಅರ್ಧ ಹಿಟ್ಟು ಹೊತ್ತು ಮನೆಗೆ ಹೋಗಿ ಬೇಸತ್ತ ಜನ ಒಬ್ಬೊಬ್ಬರಾಗಿ ಪಕ್ಕದೂರಿನ ಮಿಷನ್ನಿಗೆ ಹೋಗತೊಡಗಿದ್ದರು. ಇನ್ನೊಂದು ತಿಂಗಳು ಹೀಗೇ ಆದರೆ ಪಿಳ್ಳಪ್ಪ ಬಾಗಿಲಿಗೆ ಬೀಗ ಹಾಕಬೇಕಿತ್ತು.

ಅರ್ಜಿಯ ಮೇಲೆ ಅರ್ಜಿ ಹೋದ ಮೇಲೆ ಕರೆಂಟ್ ಆಫೀಸಿನ ಭಾನುಪ್ರಕಾಶ್ ಒಂದು ಸಂಜೆ ಬಂದ. ಮೊದಲು ಟ್ರಾನ್ಸ್‌ಫಾರ್ಮರ್ ಕಂಬದ ಹತ್ತಿರ ಏನೋ ಗುದ್ದಾಡಿದ. ಆಮೇಲೆ ಮಿಷನ್ ಮನೆಯ ಪ್ಲಗ್ ಪಾಯಿಂಟಿಗೆ ಸೋಪಿನಷ್ಟು ದಪ್ಪದ ಒಂದು ಡಬ್ಬಿ ಸಿಕ್ಕಿಸಿದ.

"ಕರೆಂಟ್ ಎಷ್ಟೊತ್ತಿಗೆ ಹೋಯ್ತು, ಎಷ್ಟೊತ್ತಿಗೆ ಬಂತು, ಎಲ್ಲಾ ಇದೇ ಬರ್ಕೊಳ್ಳುತ್ತೆ. ನಾಳೆ ಸಂಜೆ ಬಂದು ನೋಡ್ತೀನಿ. ಐದು ಸಲಕ್ಕಿಂತ ಜಾಸ್ತಿ ಹೋಗಿದ್ರೆ ಹೊಸ ಟ್ರಾನ್ಸ್‌ಫಾರ್ಮರ್‌ಗೆ ನಿಮ್ಮೂರ ಹೆಸರು ಬರೀತೀನಿ."

"ಐದಾ? ನಾನು ಹಲ್ಲುಜ್ಜೋದ್ರೊಳಗೆ ಐದ್ಸಲ ಹೋಗುತ್ತೆ ಸಾರ್!" ಎಂದ ಪಿಳ್ಳಪ್ಪ.

ಮಾರನೆಯ ದಿನ ಕರೆಂಟು ಹೋಗಲೇ ಇಲ್ಲ.

ಮಿಷನ್ನು ಮದುವೆಮನೆಯ ವಾಲಗದಂತೆ ನಿಲ್ಲದೆ ಮೊಳಗಿತು. ಪಿಳ್ಳಪ್ಪ ಮಾತ್ರ, ಬೀಡುಬಿಟ್ಟ ಅಳಿಯ ಯಾವಾಗ ಎದ್ದು ಹೊರಡುತ್ತಾನೋ ಎಂದು ಕಾಯುವ ಮಾವನಂತೆ ಬಲ್ಬನ್ನೇ ನೋಡುತ್ತ ಕೂತ.

ರಾಗಿ ಡಬ್ಬ ಹೊತ್ತು ಬಂದ ಕದಿರಮ್ಮ ಕೇಳಿದಳು: "ಯಾಕಪ್ಪಾ, ಮೊಕ ಹಿಂಗೈತೆ?"

"ಕರೆಂಟು ಹೋಗ್ತಾನೇ ಇಲ್ಲ ಕಣಕ್ಕ!"

"ಅಷ್ಟೇನಾ? ಡಬ್ಬಿ ಪ್ಲಗ್ ಕಿತ್ತು ಸಿಕ್ಸು, ಕರೆಂಟು ಹೋಯ್ತು ಅಂತ ಬರ್ಕೊಂತೈತೆ. ಆ ಡಬ್ಬಿಗೇನು ಕಣ್ಣೈತಾ?"

"ಅಯ್ಯೋ, ಮೋಸ ಆಗಲ್ವಾ?"

"ಮೋಸ ಏನ್ಬಂತು ಗುರು? ವರ್ಷವೆಲ್ಲ ಹೋಗಿರೋದನ್ನ ಇವತ್ತು ಒಟ್ಟಿಗೆ ಬರೆಸ್ತಿದೀವಿ, ಅಷ್ಟೆ," ಎಂದು ಪಕ್ಕದಿಂದ ಧೈರ್ಯ ತುಂಬಿದವನು ನಾನೇ.

ಕದಿರಮ್ಮ ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿದಳು. "ನಮ್ಮನೆ ಪಾಲಿಂದೂ ಒಂದಿರ್ಲಿ," ಎಂದು ಹಿಟ್ಟಿಗೆ ಬಂದಿದ್ದ ದೇವರಾಜ್ ಕಿತ್ತ. ಕಿತ್ತವನು ಹಾಗೇ ಬಿಟ್ಟು ಟೀ ಕುಡಿಯಲು ಹೋದ; ಮತ್ತೆ ಸಿಕ್ಕಿಸಿದವನು ನಾನು. ಆಮೇಲೆ ಬಂದವರೆಲ್ಲ ಹುಂಡಿಗೆ ಕಾಣಿಕೆ ಹಾಕುವಷ್ಟು ಭಕ್ತಿಯಿಂದ ಒಮ್ಮೆ ಕಿತ್ತು ಸಿಕ್ಕಿಸಿಯೇ ಹೋದರು.

"ಏನ್ರೋ ಇದು, ಗುಡಿ ಗಂಟೇನಾ?" ಎಂದು ಪಿಳ್ಳಪ್ಪನ ಹೆಂಡತಿ ಅಮ್ಮಯಮ್ಮ ಗದರಿದಳು. ಯಾರು ಕೇಳುತ್ತಾರೆ?

ಸಂಜೆ ಭಾನುಪ್ರಕಾಶ್ ಡಬ್ಬಿಯ ಲೆಕ್ಕವನ್ನು ಮೊಬೈಲಿನಲ್ಲಿ ನೋಡಿ ಹುಬ್ಬು ಗಂಟಿಕ್ಕಿದ.

"ಇದರ ಜೊತೇದು ಇನ್ನೊಂದು ಡಬ್ಬಿ ಟ್ರಾನ್ಸ್‌ಫಾರ್ಮರ್ ಹತ್ರ ಇಟ್ಟಿದ್ದೆ. ಅದರ ಪ್ರಕಾರ ಊರಿಗೆ ಒಂದು ಸಲಾನೂ ಕರೆಂಟ್ ಹೋಗಿಲ್ಲ. ನಿಮ್ಮಲ್ಲಿ ಮಾತ್ರ ಇಷ್ಟೊಂದು ಸಲ ಹೋಗಿದೆ ಅಂದ್ರೆ, ವೈರಿಂಗ್ ಸುಟ್ಟೋಗಿದೆ ಅಂತ ಅರ್ಥ. ಬೆಂಕಿ ಬೀಳುತ್ತೆ ಪಿಳ್ಳಪ್ಪನೋರೆ!"

ಹಾಗೆಂದವನೇ ಮಿಷನ್ನಿನ ಫ್ಯೂಸು ಕಿತ್ತು ಜೇಬಿಗಿಳಿಸಿದ. "ವೈರಿಂಗ್ ಎಲ್ಲಾ ಹೊಸದು ಮಾಡ್ಸಿ. ಆಮೇಲೆ ಕೊಡ್ತೀನಿ."

ಪಿಳ್ಳಪ್ಪ ಹಿಟ್ಟು ಖಾಲಿಯಾದ ಚೀಲದಂತೆ ಕುಸಿದು ಕೂತ. ನಾವೆಲ್ಲ ನೆಲ ನೋಡಿದೆವು.

"ವೈರು ಚೆನ್ನಾಗೈತೆ ಸಾರ್," ಅಮ್ಮಯಮ್ಮ ಮುಂದೆ ಬಂದಳು. "ಪ್ಲಗ್ ಕಿತ್ತೋರು ಇವ್ರೇ, ಒಬ್ಬೊಬ್ರೂ."

ಭಾನುಪ್ರಕಾಶ್ ಎಲ್ಲರ ಮುಖ ನೋಡಿದ. "ಸರಿ. ಆದ್ರೆ ದಿನಾ ಹೋಗ್ತಿದ್ದ ಕರೆಂಟು ಇವತ್ತೊಂದಿನ ಯಾಕೆ ಹೋಗ್ಲಿಲ್ಲ?"

ಅಮ್ಮಯಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಮುನಿರಾಜಾ, ಇವತ್ತು ನಿನ್ ಗುಲಾಬಿ ತೋಟದಲ್ಲಿ ನೀರು ಚಿಮ್ಮಿದ್ದು ನಾನು ಕಾಣ್ಲೇ ಇಲ್ಲ. ಯಾಕಪ್ಪಾ?"

ಸಿಕ್ಕಿಬಿದ್ದೆ. ತೋಟದ ಲೈನಿನಲ್ಲಿ ಕರೆಂಟಿಲ್ಲದ ಹೊತ್ತಿನಲ್ಲಿ ಊರಿನ ಲೈನಿಗೆ ಕೊಕ್ಕೆ ಹಾಕಿ ಮೋಟರು ಓಡಿಸುತ್ತಿದ್ದವನು ನಾನು. ಅದು ಗುಟುರು ಹಾಕಿದಾಗೆಲ್ಲ ಊರಿನ ಲೈನು ಟ್ರಿಪ್ಪಾಗಿ ಕರೆಂಟು ಹೋಗುತ್ತಿತ್ತು. ಭಾನುಪ್ರಕಾಶ್ ಕಂಬದ ಹತ್ತಿರ ಕಂಡ ಸಂಜೆಯೇ ಹೆದರಿ, ಕೊಕ್ಕೆ ಬಿಚ್ಚಿ ಹುಲ್ಲಿನ ಬಣವೆಗೆ ತುರುಕಿದ್ದೆ.

ಎಲ್ಲ ಒಪ್ಪಿಕೊಂಡು ಬಣವೆಯಿಂದ ಕೊಕ್ಕೆ ತಂದುಕೊಟ್ಟೆ. ಭಾನುಪ್ರಕಾಶ್ ಕೇಸು ಹಾಕಲಿಲ್ಲ. ಕೊಕ್ಕೆಯ ವೈರು ಸುತ್ತಿ ಬ್ಯಾಗಿಗೆ ಹಾಕಿಕೊಂಡ. "ಇನ್ನೊಂದ್ಸಲ ಕಂಡ್ರೆ ನೋಡಿ," ಎಂದು ಫ್ಯೂಸನ್ನು ಮತ್ತೆ ಮಿಷನ್ನಿಗೆ ಹಾಕಿದ. ಹೊಸ ಟ್ರಾನ್ಸ್‌ಫಾರ್ಮರಿನ ಮಾತೆತ್ತಿದ ಪಿಳ್ಳಪ್ಪನಿಗೆ, "ಇರೋದೇ ಚೆನ್ನಾಗಿದೆಯಲ್ರೀ" ಎಂದ. ಕರೆಂಟು ಹೋಗುವುದು ನಿಂತಿತೆಂದು ಅವನು ಖುಷಿಪಡುವಷ್ಟರಲ್ಲಿ ಊರಿನವರೆಲ್ಲ ಅರ್ಧ ಬೀಸಿದ ಹಳೇ ರಾಗಿ ಹೊತ್ತು ತಂದು, "ಉಳಿದರ್ಧ ಪುಕ್ಕಟೆ ಬೀಸ್ಕೊಡು" ಎಂದು ಸಾಲಾಗಿ ನಿಂತರು. ಆದರೂ ಮಿಷನ್ನಿನ ಸದ್ದು ಮತ್ತೆ ಕೇಳಿದಾಗ ಪಿಳ್ಳಪ್ಪನ ಜೊತೆಗೆ ನಾನೂ ಉಸಿರು ಬಿಟ್ಟೆ.

ಇನ್ನು ಆ ಮುನ್ನೂರ ಹದಿನಾಲ್ಕರ ವಿಷಯ. ಡಬ್ಬಿಯಲ್ಲಿದ್ದದ್ದು ಬರೀ ಹದಿನಾಲ್ಕು. ಮುನ್ನೂರು ನಾನು ಸೇರಿಸಿದ್ದು. ಆ ಹದಿನಾಲ್ಕರಲ್ಲೂ ಒಂಬತ್ತು ಸಲ ಪ್ಲಗ್ಗು ಕಿತ್ತವನು ನಾನೇ.