ಟ್ರಾಮ್ ಬಂದ ಮೇಲೆ ಗೆದ್ದ ವಾದ

ವಾದಕ್ಕೆ ಮೊದಲು ಬೇಕಾದದ್ದು ಜಾಣತನ ಎಂದು ಕಾಲೇಜಿನ ಡಿಬೇಟ್ ತಂಡದಲ್ಲಿ ನನಗೆ ಕಲಿಸಿದ್ದರು. ಅದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದನ್ನೂ ಅಲ್ಲೇ ಕಲಿತೆ. ಮೊದಲು ಬೇಕಾದದ್ದು ಅಪರೂಪಕ್ಕೆ ಬರುವ ರೈಲು. ಸಿಡ್ನಿಯ ಪಶ್ಚಿಮಕ್ಕಿರುವ ನಮ್ಮ ಸಬರ್ಬ್ ಒಂದು ಕಾಲಕ್ಕೆ ಹಳ್ಳಿ. ಅದರ ಗುರುತಾಗಿ ಉಳಿದಿದ್ದು ಮರದ ಪುಟ್ಟ ಸ್ಟೇಷನ್ನು, ಒಂದು ಬೆಂಚು ಮತ್ತು ಮನಸ್ಸಾದಾಗ ಬರುವ ರೈಲು. ಆ ಬೆಂಚಿನ ಮೇಲೆ ನನಗೆ ಸಿಕ್ಕವರು ಧಾರವಾಡದ ದೇಸಾಯಿ ಅಂಕಲ್. ಅವರ ಆಫೀಸು ಒಂದು ದಿಕ್ಕಿಗೆ, ನನ್ನದು ಇನ್ನೊಂದಕ್ಕೆ. ನಾನು ದೇವರಿಲ್ಲ ಎಂದರೆ ಅವರು ಇದ್ದಾನೆ ಎನ್ನುತ್ತಿದ್ದರು. ಮರುದಿನ ನಾನು ಸ್ವಲ್ಪ ಸಡಿಲ ಬಿಟ್ಟರೆ ಅವರೇ ಇಲ್ಲ ಎನ್ನುತ್ತಿದ್ದರು. ಮಾತು ಮುಗಿಯದಿದ್ದರೆ ಬಂದ ರೈಲನ್ನೂ ಬಿಟ್ಟು ಕೂರುತ್ತಿದ್ದೆವು. ರೈಲು ತಡ ಎಂದರೆ ಎರಡೂ ಆಫೀಸಿನವರು ನಂಬುತ್ತಿದ್ದರು.

ಆಮೇಲೆ ರೈಲು ನಿಲ್ಲಿಸಿ ಟ್ರಾಮ್ ತಂದರು. ಮರದ ಕಟ್ಟಡಕ್ಕೆ ಬಣ್ಣ ಬಳಿದು ಬೀಗ ಹಾಕಿ, ಹಳೆಯದನ್ನು ಕಾಪಾಡಿದ್ದೇವೆ ಎಂದು ಫಲಕ ಹಚ್ಚಿದರು. ಟ್ರಾಮ್ ಒಂದರ ಹಿಂದೊಂದು ಬರುತ್ತದೆ. ಇದಕ್ಕೆ ಸಂತೋಷಪಡಬೇಕು ಎಂಬ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಸಂತೋಷವೂ ಇಲ್ಲ. ನಾನು ಪೀಠಿಕೆ ಮುಗಿಸುವಷ್ಟರಲ್ಲಿ ಅಂಕಲ್ ಹತ್ತಿ ಹೋಗಿರುತ್ತಿದ್ದರು. ತಡವಾಯಿತು ಎನ್ನಲು ಈಗ ನೆಪವೂ ಇಲ್ಲ.

ಕಳೆದ ಚಳಿಗಾಲದಲ್ಲಿ ಅಂಕಲ್, ಮೆಲ್ಬರ್ನಿನ ಟಾರ್ನೀಟ್‌ನಲ್ಲಿರುವ ಮಗಳ ಮನೆಯ ಹತ್ತಿರಕ್ಕೆ ಹೋಗುತ್ತೇನೆ ಎಂದರು. ಹೋಗಬೇಡಿ, ನನಗೆ ಇಲ್ಲಿ ಬೇರೆ ಯಾರೂ ಇಲ್ಲ ಎಂದಿದ್ದರೆ ಆಗುತ್ತಿತ್ತು. ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಮರುದಿನ ಅಂಶಗಳನ್ನು ಜೋಡಿಸಿಕೊಂಡು ಬಂದೆ. ಅಲ್ಲಿಯ ಚಳಿ, ಅಲ್ಲಿಯ ಟ್ರಾಫಿಕ್, ಮಗಳ ಮನೆ ಹತ್ತಿರವಾದಷ್ಟೂ ಜಗಳವೂ ಹತ್ತಿರ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮೊಮ್ಮಕ್ಕಳು. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಎಂದೂ ಒಂದಂಶ ಬಿಟ್ಟುಕೊಡದ ಅಂಕಲ್, ತಿರುವಿನಲ್ಲಿ ಟ್ರಾಮ್ ಕಂಡದ್ದೇ ಬ್ಯಾಗನ್ನು ಹೆಗಲಿಗೇರಿಸಿದರು.

"ನೀ ಹೇಳೂದೆಲ್ಲಾ ಖರೇ ಅದ ನೋಡಪಾ."

"ಹಂಗೆ ಒಪ್ಕೊಂಡ್ಬಿಟ್ರೆ ಹೇಗೆ ಅಂಕಲ್? ಏನಾದ್ರೂ ಹೇಳಿ."

"ಏನ್ ಹೇಳ್ಲಿ? ನೀನ ಗೆದ್ದಿ," ಎಂದು ಹತ್ತಿದರು. ಬಾಗಿಲು ಮುಚ್ಚಿತು.

ಅಷ್ಟು ಪೂರ್ತಿಯಾಗಿ ನಾನು ಯಾವ ವಾದವನ್ನೂ ಗೆದ್ದಿರಲಿಲ್ಲ. ಮುಂದಿನ ವಾರ ಅವರ ಮನೆ ಮುಂದೆ ಟ್ರಕ್ ಬಂದು ನಿಂತಿತು. ಅಂಕಲ್‌ರ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು ಎಷ್ಟು ಎಳೆದರೂ ಅಲ್ಲಾಡಲಿಲ್ಲ. ಅದನ್ನು ಇಲ್ಲೇ ಬಿಟ್ಟು ಹೋಗುವ ಮಾತೂ ಬಂತು. ಎಡಕ್ಕೆ ಓರೆ ಮಾಡಿದರೆ ಹೊರಬರುತ್ತದೆ ಎಂದು ಎಲ್ಲರ ಜೊತೆ ವಾದಕ್ಕೆ ನಿಂತವನು ನಾನೇ. ಓರೆ ಮಾಡಿದರು. ಬಂತು.