ಒಂದೇ ಧೋತರದ ವರ್ಷ

ಖರ್ಚು ಕಡಿಮೆ ಮಾಡಿದವನಿಗೆ ತಾಪತ್ರಯವೂ ಕಡಿಮೆಯಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳುವವರ ಹತ್ತಿರ ಎರಡು ಧೋತರಗಳಾದರೂ ಇರುತ್ತವೆ. ಒಂದೇ ಧೋತರದಲ್ಲಿ ವರ್ಷ ಕಳೆದು ನೋಡಿದರೆ ಗೊತ್ತಾಗುತ್ತದೆ, ಫಜೀತಿಗಳು ಹೇಗೆ ಮನೆ ಕೇಳಿಕೊಂಡು ಬರುತ್ತವೆ ಅಂತ. ನನಗಂತೂ ಮನೆಯೂ ಇರಲಿಲ್ಲ, ಆದರೂ ಬಂದವು.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಆಮೇಲೆ ಮುಂಡಗೋಡದಲ್ಲಿ ಭತ್ತದ ವ್ಯಾಪಾರಿಯ ಹತ್ತಿರ ಮೂರು ತಿಂಗಳು, ಜೋಯಿಡಾದ ಅಡವಿಯಲ್ಲಿ ಜೇನು ಬಿಡಿಸುವವರ ಹಿಂದೆ ಒಂದು ಬೇಸಿಗೆ, ಹೀಗೆ ಎಲ್ಲೂ ನಿಲ್ಲದೆ ತಿರುಗಿದೆ. ತಿರುಗಿ ಸಾಕಾದಾಗ ಹಳಿಯಾಳದ ಅಕ್ಕನ ಮನೆಗೆ ಹೋಗಿ ಉಣ್ಣುತ್ತಿದ್ದೆ. ಅಕ್ಕನ ಗಂಡನಿಗೆ, ಅಂದರೆ ನಮ್ಮ ಮಾಮಾನಿಗೆ, ಕಿರಾಣಿ ಅಂಗಡಿ ಇತ್ತು. ನನ್ನನ್ನು ಹಿಡಿದು ಅಲ್ಲಿ ಬೆಲ್ಲ ತೂಗಲು ಕೂರಿಸಬೇಕೆಂದು ಆತನ ಆಸೆ.

ಎರಡನೇ ಮಹಾಯುದ್ಧದ ಲಡಾಯಿ ನಡೆದ ಕಾಲ. ಒಂದು ಯುಗಾದಿ ದಿನ ಬೇವು-ಬೆಲ್ಲ ಕೈಗೆ ಹಾಕುತ್ತ ಮಾಮಾ ಅಂದ: "ನಿನ್ನ ಕಾಲಾಗ ಚಕ್ರ ಐತಿ."

"ಹಂಗಾರ ನಿಮ್ಮ ಸೈಕಲ್ಲ ನನಗ ಕೊಡ್ರಿ. ಚಕ್ರಕ್ಕ ಚಕ್ರ ಕೂಡತೈತಿ."

ಹಳಿಯಾಳದಲ್ಲಿ ಸೈಕಲ್ಲು ಎಂದರೆ ಆಗ ಬೆರಳೆಣಿಕೆ. ಮಾಮಾ ಅದನ್ನು ದಿನಾ ಎಣ್ಣೆ ಹಚ್ಚಿ ಒರೆಸುತ್ತಿದ್ದ. ಆತ ನಕ್ಕು ಕರಾರು ಹಾಕಿದ. ಮುಂದಿನ ಯುಗಾದಿಯ ಹೊತ್ತು ಮುಳುಗುವ ತನಕ ನಾನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ನಿಂತು ದುಡಿದಷ್ಟರಲ್ಲೇ ಬದುಕಬೇಕು. ಒಂದು ರಾತ್ರಿಯೂ ಊರು ಬಿಡಬಾರದು. ಯಾರ ಮುಂದೆಯೂ ಏನನ್ನೂ ಕೊಡಿ ಎಂದು ಕೇಳಬಾರದು. ಗೆದ್ದರೆ ಸೈಕಲ್ಲು ನನ್ನದು. ಸೋತರೆ ಜನ್ಮಪೂರ್ತಿ ಅಂಗಡಿಯ ಗಾದಿ.

"ಆಗಲಿ" ಅಂದೆ. ಮೈಮೇಲೆ ಒಂದು ಧೋತರ, ಒಂದು ಅಂಗಿ. ಲಡಾಯಿಯಿಂದಾಗಿ ಬಟ್ಟೆ ಸಿಗುವುದೂ ಕಷ್ಟ, ಸಿಕ್ಕರೆ ನನ್ನ ಪಗಾರಕ್ಕೆ ಎಟಕುವುದು ಇನ್ನೂ ಕಷ್ಟ.

ಕುತ್ತಿಗೆತನಕ ನೀರು

ರವಿವಾರ ನನ್ನ ಒಗೆಯುವ ದಿನ. ಡಿಪೋದ ಹಿಂದೆ ಕಾಳಿ ಹೊಳೆ ಅಗಲವಾಗಿ ಹರಡಿ, ಬೇಸಿಗೆಯಲ್ಲಿ ಮೊಣಕಾಲಿಗಷ್ಟೇ ಬರುತ್ತಿತ್ತು. ಮೊಸಳೆಗಳು ಆ ಕಡೆ ಹಾಯುತ್ತಿರಲಿಲ್ಲ. ಮೊಸಳೆಗೂ ಮುಳುಗುವಷ್ಟು ನೀರು ಬೇಕಲ್ಲ. ನಾನು ಧೋತರ, ಅಂಗಿ, ಲಂಗೋಟಿ ಎಲ್ಲವನ್ನೂ ಒಗೆದು ಬಂಡೆಯ ಮೇಲೆ ಹರವಿ, ಅವು ಒಣಗುವ ತನಕ ಕುತ್ತಿಗೆಯಷ್ಟೇ ಹೊರಗಿಟ್ಟು ನೀರಿನಲ್ಲಿ ಕೂತಿರುತ್ತಿದ್ದೆ.

ಒಂದು ರವಿವಾರ ಆಚೆ ದಂಡೆಗೆ ದೌರೆಯ ಮೇಲೆ ಊರೂರು ತಪಾಸಣೆಗೆ ಹೊರಟಿದ್ದ ಯಾರೋ ಸಾಹೇಬರು ಬಂದರು. ಹಿಂದೆ ಡೇರೆ, ಪೆಟ್ಟಿಗೆ, ಕೋಳಿ ತುಂಬಿದ ಐದಾರು ಬಂಡಿ. ಅವರ ಪಟ್ಟೇವಾಲಾ ಕೂಗಿದ: "ಏ, ಹೊಳ್ಯಾಗಿನವನ! ನೀರ ಎಷ್ಟ ಆಳ ಐತಿ?"

"ಕಾಣಸ್ತೈತೆಲ್ರೀ!"

"ಕುತಗಿತನಕಾ?"

"ನನಗಂತೂ ಕುತಗಿತನಕ ಐತ್ರಿ." ಸುಳ್ಳು ಹೇಳಲಿಲ್ಲ. ನಿಂತಿದ್ದೀಯೋ ಕೂತಿದ್ದೀಯೋ ಎಂದು ಅವನು ಕೇಳಲಿಲ್ಲ.

ಸಾಹೇಬರು ಏನೋ ಗೊಣಗಿದರು. ಪಟ್ಟೇವಾಲಾ ಮತ್ತೆ ಕೂಗಿದ: "ಎದ್ದ ಈ ಕಡೆ ಬಾ, ಸಾಹೇಬರು ಮಾತಾಡಬೇಕಂತಾರ!"

"ಏಳಾಕ ಆಗೂದಿಲ್ರೀ!"

"ಅಷ್ಟ ಸೆಳವು ಐತೇನ?"

ನಾನು ಸುಮ್ಮನೆ ತಲೆ ಅಲ್ಲಾಡಿಸಿದೆ. ಅಷ್ಟೂ ಬಂಡಿ ಹಿಂದಿರುಗಿ, ಎರಡು ಮೈಲು ಸುತ್ತಿ, ದೋಣಿಯ ಕಟ್ಟೆಗೆ ಹೋದವು. ಕಡೆಯ ಬಂಡಿಯ ಧೂಳು ಇನ್ನೂ ಅಡಗಿರಲಿಲ್ಲ, ದಿನಾ ಮಜ್ಜಿಗೆ ಮಾರಲು ಬರುವ ಗೌಳಿ ಮುದುಕಿ ತಲೆಯ ಮೇಲೆ ಗಡಿಗೆ ಹೊತ್ತು, ಸೀರೆ ಮೊಣಕಾಲಿಗೆ ಎತ್ತಿ, ನನ್ನ ಪಕ್ಕದಲ್ಲೇ ಹಾಯ್ದು ಹೋದಳು. "ಯಾಕೋ ತಮ್ಮಾ, ಎದ್ದ ನಿಂತ ಜಳಕಾ ಮಾಡಿದ್ರ ಪಾಪ ಹತ್ತತೈತೇನು?" ಎಂದು ಕೇಳಿದಳು.

ಮುಂದಿನ ವಾರ ಸಾಹೇಬರ ಅಪ್ಪಣೆಯಂತೆ ಎರಡೂ ದಂಡೆಗೆ ಒಂದೊಂದು ದೊಡ್ಡ ಬೋರ್ಡು ಬಂತು: "ಇಲ್ಲಿ ನೀರು ಬಹಳ ಆಳ. ಇಳಿಯಬಾರದು." ಓದು ಬಂದವರೆಲ್ಲ ಎರಡು ಮೈಲು ಸುತ್ತಿ ಹೋಗತೊಡಗಿದರು. ಓದು ಬಾರದವರು ಮೊದಲಿನಂತೆ ಸುಖವಾಗಿ ಹೊಳೆ ಹಾಯ್ದರು.

ಛಾಪ ಬಿದ್ದ ಮಂಚ

ಡಿಪೋದಲ್ಲಿ ನನ್ನ ಕೆಲಸ ಛಾಪ ಹೊಡೆಯುವುದು. ಸುತ್ತಿಗೆಯ ಮೂತಿಯಲ್ಲಿ ಮಾಲಕರ ಗುರುತು ಕೊರೆದಿರುತ್ತದೆ. ಬಂದ ಪ್ರತಿ ದಿಮ್ಮಿಯ ಬುಡಕ್ಕೆ ಒಂದೇಟು ಹಾಕಿದರೆ ಗುರುತು ಕೂತಂತೆ. ನೆಲದ ಮೇಲೆ ಮಲಗಿ ಇರುವೆಗೆ ಸಾಕಾಗಿ, ಮಾಲಕರು ಬಿಸಾಕು ಅಂದಿದ್ದ ಒಂದು ಒಡಕು ಸಾಗವಾನಿ ಹಲಗೆಗೆ ನಾಲ್ಕು ಗೂಟ ಬಡಿದು ಮಂಚ ಮಾಡಿಕೊಂಡೆ. ಬಿಡಿಕಾಸಿನ ಖರ್ಚಿಲ್ಲ. ಮಹಾರಾಜನಂತೆ ಮಲಗಿದೆ.

ನಾಲ್ಕನೇ ದಿನ ಅಡವಿ ಖಾತೆಯ ಒಬ್ಬ ಗಾರ್ಡ್ ಬಂದು ಬಗ್ಗಿ ನೋಡಿದ. "ಸಾಗವಾನಿ ಐತಿ, ಛಾಪ ಇಲ್ಲ. ಕಳ್ಳ ಮಾಲು ಅಂತ ಬರಕೊಳ್ಳೇನು?"

ಆತ ಬೆನ್ನು ತಿರುಗಿಸಿದ್ದೇ ತಡ, ಸುತ್ತಿಗೆ ಎತ್ತಿ ಮಂಚಕ್ಕೆ ಧಡ್ ಎಂದು ಒಂದೇಟು ಹಾಕಿದೆ. ಈಗ ಯಾರ ಹೆದರಿಕೆ?

ಹದಿನೈದು ದಿನಕ್ಕೆ ಕಟ್ಟಿಗೆಯ ಲಿಲಾವು, ಅಂದರೆ ಹರಾಜು. ಗೋವೆಯ ಕಡೆಯ ವ್ಯಾಪಾರಿ ಒಂದು ರಾಶಿ ಕೊಂಡಿದ್ದ. ಬಂಡಿಗೆ ಹೇರಲು ಹೋದ ನಾನು ನೋಡುತ್ತೇನೆ, ರಾಶಿಯ ನೆತ್ತಿಯ ಮೇಲೆ ನಾಲ್ಕು ಕಾಲು ಮೇಲೆ ಮಾಡಿಕೊಂಡು ನನ್ನ ಮಂಚ!

"ಕಾರಕೂನ ಸಾಹೇಬ್ರ, ಇದು ನನ್ನ ಮಂಚರೀ!"

ಡಿಪೋದ ಲೆಕ್ಕ ಬರೆಯುವ ಕಾರಕೂನರು ಕನ್ನಡಕ ಏರಿಸಿ ನೋಡಿದರು. "ಛಾಪ ಯಾರದು?"

"ಮಾಲಕರದು."

"ಹೊಡದಾವ ಯಾರು?"

"ನಾನ..."

"ಮತ್ತ ಹೇರು."

ತಿರುಗಿ ಕೊಡಿ ಅಂತ ಕೇಳಲು ಕರಾರು ಅಡ್ಡ. ನನ್ನ ಮಂಚ ನಾನೇ ಹೊತ್ತು ಹೇರಿದೆ. ವ್ಯಾಪಾರಿ ಖುಷಿಯಾಗಿ ಎರಡಾಣೆ ಕೊಟ್ಟ. ಅವತ್ತು ಮತ್ತೆ ನೆಲದ ಮೇಲೆ ಸುತ್ತಿಗೆಯನ್ನೇ ತಲೆಗೆ ಇಟ್ಟುಕೊಂಡು ಅಡ್ಡಾಗಿದ್ದಾಗ ಕಾರಕೂನರು ಹಾಯ್ದು ಹೋಗುತ್ತ ಅಂದರು: "ಆ ಸುತ್ತಿಗಿ ದೂರ ಇಡೋ. ಕಪಾಳಕ್ಕ ಛಾಪ ಬಿತ್ತಂದ್ರ ನಿನ್ನನ್ನೂ ಲಿಲಾವಿಗೆ ಹಚ್ಚಬೇಕಾಗ್ತದ."

ಎತ್ತುಗಳು ಕಾಯ್ದ ಮಾನ

ಒಂದನ್ನು ಒಪ್ಪಿಕೊಳ್ಳಲೇಬೇಕು. ನಡುವೆ ಒಮ್ಮೆ ನಾನು ಓಡಿಹೋದೆ. ಜೋಯಿಡಾದ ಕಡೆ ಹೊರಟ ಡಿಪೋದ ಬಂಡಿ ಕಂಡದ್ದೇ ಅಂಗಾಲು ತುರಿಸಿತು. ಸೈಕಲ್ಲೂ ಬೇಡ, ಸುಡುಗಾಡೂ ಬೇಡ ಎಂದು ಜಿಗಿದು ಕೂತೆ. ಕುಳಗಿ ದಾಟಿದ ಮೇಲೆ ಮಧ್ಯಾಹ್ನದ ಬಿಸಿಲು. ಬಂಡಿಯವನಿಗೂ ನಿದ್ದೆ, ನನಗೂ ನಿದ್ದೆ. ಎಚ್ಚರಾದಾಗ ಎದುರಿಗೆ ಡಿಪೋದ ಬಾಗಿಲು! ಹೊಡೆಯುವವನು ಮಲಗಿದ್ದು ನೋಡಿ ಎತ್ತುಗಳು ತಮ್ಮಷ್ಟಕ್ಕೆ ತಿರುಗಿ ಕೊಟ್ಟಿಗೆಗೆ ಬಂದಿದ್ದವು. ಕರಾರು ಮಾಡಿದವನು ನಾನು, ನಡೆಸಿಕೊಟ್ಟವು ಎತ್ತುಗಳು.

ಎರಡು ಉಪವಾಸಗಳ ನಡುವೆ

ಅನ್ನದ ಖರ್ಚು ಉಳಿಸಲು ನಾನೊಂದು ಉಪಾಯ ಕಂಡುಹಿಡಿದಿದ್ದೆ. ನಾನು ಮಲಗುತ್ತಿದ್ದ ಡಿಪೋದ ಗುಡಿಸಲಿನ ಎಡಕ್ಕೆ ಕಾರಕೂನರ ಮನೆ, ಬಲಕ್ಕೆ ಲಾರಿ ರಿಪೇರಿ ಮಾಡುವ ಮಿಸ್ತ್ರಿ ಚಾಚಾನ ಮನೆ. ಕಾರಕೂನರು ಏಕಾದಶಿ ಹಿಡಿದರೆ ನಾನೂ ಹಿಡಿದೆ. ಮರುದಿನ ಬೆಳಿಗ್ಗೆ ಪಾರಣೆಗೆ ಅವರೇ ಕರೆಯುತ್ತಿದ್ದರು. ಕರೆದರೆ ಹೋಗಬಾರದು ಎಂದು ಕರಾರಿನಲ್ಲಿ ಇರಲಿಲ್ಲ. ರಂಜಾನ್ ಬಂದಾಗ ಚಾಚಾನ ಜೋಡಿ ರೋಜಾ ಹಿಡಿದೆ. ಹೊತ್ತು ಮುಳುಗಿದೊಡನೆ "ಆವೋ ಬೇಟಾ" ಎಂದು ಖರ್ಜೂರ, ಭಜಿ, ಬಿಸಿ ರೊಟ್ಟಿ. ಉಪವಾಸ ಮಾಡಿ ಮಾಡಿ ನನ್ನ ಗಲ್ಲ ತುಂಬಿದವು. ನನ್ನನ್ನು ನೋಡಿಹೋದ ಬಳೆಗಾರ ಹಳಿಯಾಳದಲ್ಲಿ ಅದನ್ನು ಹೇಳಿದರೆ ಅಕ್ಕ, "ಅಯ್ಯ, ಮುಖಕ್ಕ ಬಾವು ಬಂದೈತಿ!" ಎಂದು ಅತ್ತಳಂತೆ.

ಎಲ್ಲ ಚೆನ್ನಾಗಿಯೇ ಇತ್ತು, ರಂಜಾನದ ನಡುವೆ ಏಕಾದಶಿ ಬರುವ ತನಕ.

ಹಗಲೆಲ್ಲ ಏನೂ ತೊಂದರೆಯಾಗಲಿಲ್ಲ. ಹೊತ್ತು ಮುಳುಗಿತು. ಬಲಗಡೆಯಿಂದ ಚಾಚಾ ಕರೆದ: "ಬಾ, ರೋಜಾ ಬಿಡು." ಎಡಗಡೆಯ ಕಟ್ಟೆಯಿಂದ ಕಾರಕೂನರು ಕೆಮ್ಮಿದರು: "ಇವತ್ತ ಏಕಾದಶಿ ಅನ್ನೂದು ನೆನಪದ ಅಲ್ಲಾ? ನಾಳೆ ಹೊತ್ತ ಹುಟ್ಟಿದ ಮ್ಯಾಲೇ ಊಟ." ಒಬ್ಬರ ಎದುರು ತಿಂದರೆ ಇನ್ನೊಬ್ಬರ ಬಾಗಿಲು ಕಾಯಂ ಮುಚ್ಚುತ್ತದೆ. ನುಂಗಿದ್ದು ಉಗುಳು ಮಾತ್ರ.

ಹೊತ್ತು ಹುಟ್ಟುವುದನ್ನೇ ಕಾದು, ಕಾರಕೂನರ ಪಂಕ್ತಿಯಲ್ಲಿ ಕೂತೆ. ಎಲೆಯ ಮೇಲೆ ಅನ್ನ ಬಿತ್ತು, ತುಪ್ಪ ಬಿತ್ತು. ಕೈ ಇಡಬೇಕು, ಬಾಗಿಲಲ್ಲಿ ಚಾಚಾ! "ಅರೆ ಬೇಟಾ, ರೋಜಾ ಬೆಳಕ ಹರಿಯೂಕಿಂತ ಮೊದಲ ಸುರು ಆಗೇತಿ. ಮರತಿಯೇನು?"

ಕಾರಕೂನರು ನನ್ನ ಮುಖ ನೋಡಿದರು. ಚಾಚಾನೂ ನೋಡಿದ. ನಾನು ಅನ್ನದ ಮುಖ ನೋಡಿ ಎದ್ದುಬಂದೆ.

ಸಂಜೆ ಚಾಚಾನ ಮನೆಯಲ್ಲಿ ಹದಿನಾಲ್ಕು ರೊಟ್ಟಿ ತಿಂದೆ. ಹೊರಗೆ ಕಟ್ಟೆಯ ಮೇಲೆ ಇಬ್ಬರೂ ಮಾತಾಡುತ್ತಿದ್ದರು. "ಇಂಥಾ ಭಕ್ತ ನಮ್ಮೊಳಗ ಇಲ್ಲ, ಮಿಸ್ತ್ರಿ." "ನಮ್ಮೊಳಗೂ ಇಲ್ರೀ." ಆ ತಿಂಗಳ ಎರಡನೇ ಏಕಾದಶಿಗೆ ನನಗೆ ಜ್ವರ ಬಂತು. ಜ್ವರದವನಿಗೆ ಎರಡೂ ಕಡೆ ರಿಯಾಯಿತಿ ಉಂಟು ಎಂದು ವಾರ ಮೊದಲೇ ವಿಚಾರಿಸಿಕೊಂಡಿದ್ದೆ.

ಯುಗಾದಿಯ ಜಳಕ

ಮಳೆಗಾಲದಲ್ಲಿ ಅಂಗಿ ಕೈಕೊಟ್ಟಿತು. ಧೋತರ ಮಾತ್ರ ಜಾಳಿಗೆಯಂತಾದರೂ ಯುಗಾದಿಯ ತನಕ ಎಳೆದು ತಂದಿತು.

ಕಡೆಯ ದಿನ. ಡಿಪೋಕ್ಕೆ ರಜೆ, ನಾನೊಬ್ಬನೇ. ಮೂರನೇ ಪ್ರಹರಕ್ಕೆ ಅಕ್ಕ ಬಂಡಿಯಲ್ಲಿ, ಮಾಮಾ ಸೈಕಲ್ಲಿನ ಮೇಲೆ ಬಂದರು. ಮಾಮಾನ ಮೈಯೆಲ್ಲ ಬೆವರು. "ಹೊಳಿ ಇಲ್ಲೇ ಕಾಣತೈತಿ, ನೀರ ಆಳ ಅಂತ ಬೋರ್ಡು! ಎರಡ ಮೈಲ ಸುತ್ತಿದೆ ನೋಡು" ಎಂದು ಬೈದುಕೊಂಡ. ಅಕ್ಕ ಹೋಳಿಗೆ ಬಡಿಸಿದಳು. ನನಗಾಗಿ ತಂದ ಹೊಸ ಧೋತರ ಗಂಟಿನಿಂದ ತೆಗೆಯಹೋದರೆ ಮಾಮಾ ಕಸಿದುಕೊಂಡ. "ಇನ್ನೂ ಎರಡ ತಾಸ ಐತಿ. ಬಾಯಿಬಿಟ್ಟ ಕೇಳಿದ್ರ ಈಗ ಕೊಡತೇನಿ."

ನಾನು ಕೇಳಲಿಲ್ಲ. ನನ್ನ ಕಣ್ಣು ಸೈಕಲ್ಲಿನ ಮೇಲೆ.

"ಹತ್ತಿ ನೋಡು ಬೇಕಾದ್ರ" ಅಂದ ಮಾಮಾ. ಅಂದಾಗ ನೆನಪಾಯಿತು: ಒಂದು ವರ್ಷ ಸೈಕಲ್ಲಿಗಾಗಿ ಸತ್ತೆನೇ ಹೊರತು, ಹೊಡೆಯಲು ನನಗೆ ಬರುತ್ತಿರಲಿಲ್ಲ. ಕಲಿಸಿಕೊಡಿ ಅಂದರೆ ಅದೂ ಕೇಳಿದಂತೆ. ಹತ್ತಿದೆ. ಡಿಪೋದಿಂದ ಹೊಳೆಗೆ ಇಳಿಜಾರು. ಸೈಕಲ್ಲು ತಾನೇ ಹೊರಟಿತು. ನಿಲ್ಲಿಸುವುದು ಹೇಗೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದೆ. ಬೋರ್ಡಿನ ಪಕ್ಕದಲ್ಲೇ ಹಾಯ್ದು ಧಡಂ ಎಂದು ಹೊಳೆಗೆ ಬಿದ್ದೆವು. ಧೋತರದ ಅರ್ಧ ಸರಪಳಿಗೆ ಸಿಕ್ಕಿ ಚಿಂದಿಯಾಯಿತು, ಇನ್ನರ್ಧ ತೇಲುತ್ತ ಹೋಯಿತು. ಹಬ್ಬವೆಂದು ಒಗೆದ ಲಂಗೋಟಿ ಬೇಲಿಯ ಮೇಲೆ ಒಣಗುತ್ತಿತ್ತು. ನಾನು ಹಳೆಯ ರೂಢಿಯಂತೆ ಕುತ್ತಿಗೆತನಕ ಕೂತೆ.

ಅಕ್ಕ ಬಾಯಿ ಬಡಿದುಕೊಂಡಳು. "ಅಯ್ಯೋ, ತಮ್ಮ ಮುಣಗಿದ!" ಮಾಮಾ ಓಡಿಬಂದು ಬೋರ್ಡಿನ ಹತ್ತಿರ ಗಕ್ಕನೆ ನಿಂತ. ಆತನಿಗೆ ಈಜು ಬಾರದು.

"ಲೇ, ಉಳಸ್ರಿ ಅಂತ ಒಂದ ಮಾತ ಕೇಳು, ಹಗ್ಗ ಒಗೀತೇನಿ!"

"ಯಾಕ್ರೀ? ನಾ ಜಳಕಾ ಮಾಡಾಕತ್ತೇನಿ."

"ಸೈಕಲ್ಲ ತಗೊಂಡೇನ?"

"ಅದಕ್ಕೂ ಹಬ್ಬ ಅಲ್ಲೇನ್ರಿ?"

ಅಷ್ಟರಲ್ಲಿ ಗೌಳಿ ಮುದುಕಿ ಗಡಿಗೆ ಹೊತ್ತು, ಮೊಣಕಾಲುದ್ದದ ನೀರಿನಲ್ಲಿ ಪಚಪಚ ನಡೆದು ಬಂದಳು. "ತಮ್ಮಾ, ಇವತ್ತೂ ಕುಂತ ಜಳಕಾನ? ಜಲ್ದಿ ಸರಿ. ಹಿಂದ ಹದಿನೈದ ಎಮ್ಮಿ ಬರಾಕತ್ತಾವು."

ಮಾಮಾ ಆಕೆಯ ಕಾಲು ನೋಡಿದ, ನನ್ನ ಕುತ್ತಿಗೆ ನೋಡಿದ, ಸರಪಳಿಗೆ ಸಿಕ್ಕಿದ್ದ ಚಿಂದಿ ನೋಡಿದ. ಎಲ್ಲ ತಿಳಿದುಹೋಯಿತು. ದಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೊಸ ಧೋತರವನ್ನು ತೊಡೆಯ ಮೇಲಿಟ್ಟುಕೊಂಡ. "ಕೇಳು, ರಾಜಾ. ಕೇಳಿದ್ರ ಧೋತರ ಐತಿ, ಅಂಗಡ್ಯಾಗ ಗಾದಿ ಐತಿ. ಕೇಳಲಿಲ್ಲಂದ್ರ ಎಮ್ಮಿ ಅದಾವು."

ಸೂರ್ಯ ಇನ್ನೂ ಗಿಡಗಳ ಮೇಲೆ ಒಂದು ಮಾರು ಇದ್ದ. ಮೊದಲನೇ ಎಮ್ಮೆ ನೀರಿಗೆ ಇಳಿದು ನನ್ನ ಕಡೆಗೇ ಕೋಡು ಮಾಡಿತು. ಕೂತಲ್ಲೇ ಕಪ್ಪೆಯಂತೆ ಸರಿಯುತ್ತ ದಂಡೆಯ ಅಂಚಿಗೆ ಬಂದೆ. ಕೈಗೆ ಬೋರ್ಡಿನ ಗೂಟ ಸಿಕ್ಕಿತು. ಮಳೆಗಾಲದ ಪ್ರವಾಹಕ್ಕೆ ಅದು ಮೊದಲೇ ಸಡಿಲಾಗಿತ್ತು. ಕಿತ್ತು, ಮುಂದೆ ಹಿಡಿದು, ಎದ್ದು ನಿಂತು ನಡೆದುಬಂದೆ.

ನೀರು ಪಾದದ ಗಂಟಿಗಿತ್ತು. ಮಾಮಾ ಗಟ್ಟಿಯಾಗಿ ಓದಿದ: "ಇಲ್ಲಿ ನೀರು ಬಹಳ ಆಳ. ಇಳಿಯಬಾರದು... ಲೇ! ಈ ನೀರಿಗೇನೋ ನಾ ಎರಡ ಮೈಲ ಸುತ್ತಿ ಬಂದಿದ್ದು?"

ನಾನು ಧೋತರದ ಕಡೆ ನೋಡಲೂ ಇಲ್ಲ. ಗೆದ್ದ ದೊರೆಯಂತೆ ಎದೆಯೆತ್ತಿ ಇಬ್ಬರನ್ನೂ ದಾಟಿ ಡಿಪೋದ ಕಡೆ ಹೆಜ್ಜೆ ಹಾಕಿದೆ.

ಹಿಂದಿನಿಂದ ಮಾಮಾ ಸೋತ ದನಿಯಲ್ಲಿ ಅಂದ: "ಒಯ್ಯಪ್ಪಾ, ಸೈಕಲ್ಲ ಒಯ್ಯಿ. ನಿನ್ನ ಅಂಗಡ್ಯಾಗ ಕುಂದರಿಸಿದ್ರ ಗಿರಾಕಿ ಓಡಿ ಹೋದಾರು."

ಅಕ್ಕ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೂಗಿದಳು: "ಗೆದ್ದಿಯೋ ತಮ್ಮಾ, ಗೆದ್ದಿ! ಈಗ ನಮ್ಮನ್ನ ದಾಟಿ ಹೋದಿ, ಆ ಬೋರ್ಡು ಹಿಂದ ಹಿಡಕೋ!"