ಕಂಬದೊಳಗಿನ ಬಸವಣ್ಣ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೊಬೈಲು ಗುಂಯ್ ಎಂದಿತು. ಮೆಸೇಜು ಓದಿದ ಶಿವಪುತ್ರಪ್ಪನ ಕೈಯಲ್ಲಿದ್ದ ಚಹಾ ಅರ್ಧ ಲುಂಗಿಯ ಮೇಲೆ ಬಿತ್ತು.

ಸೊಸೈಟಿಯ ಗ್ರೂಪಿನಲ್ಲಿ ಬಂದಿದ್ದ ಸುದ್ದಿ ಚಿಕ್ಕದು: "ಇವತ್ತು ಹನ್ನೊಂದಕ್ಕೆ ಭೂಕಂಪದ ಆಡಿಟ್. ಇಂಜಿನಿಯರ್ ಮೇಡಂ ಪ್ರತಿ ಮನೆಯ ಒಳಗೂ ಬರುತ್ತಾರೆ. ಮೊದಲು ಶಿವಪುತ್ರಪ್ಪ ಸಾಹೇಬರ ಮಾದರಿ ಮನೆ." ಕಳಿಸಿದವನು ಎದುರು ಮನೆಯ ರಮಾನಾಥ, ಸಾಂತಾಕ್ರೂಜಿನಲ್ಲಿ ಹೋಟೆಲು ನಡೆಸುವ ಉಡುಪಿಯವನು.

ಮುಂಬಯಿಯ ಮುಲುಂಡಿನ ಆ ಏಳಂತಸ್ತಿನ ಬಿಲ್ಡಿಂಗಿನಲ್ಲಿ ಭೂಕಂಪವೆಂದರೆ ಶಿವಪುತ್ರಪ್ಪನದೇ ಇಲಾಖೆ. ಅವನು ವಿಜಯಪುರ ಜಿಲ್ಲೆಯವನು. ಅಲ್ಲಿ ಆಗಾಗ ನೆಲ ನಡುಗುವುದನ್ನು ಟಿವಿಯಲ್ಲಿ ಕಂಡ ಜನ "ನಿಮಗೆ ಅನುಭವ ಇದೆ" ಎಂದು ಅವನನ್ನು ಭೂಕಂಪ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದ್ದರು. ಊರಲ್ಲಿ ನೆಲ ನಡುಗಿದಾಗ ತಾನು ಗೊರಕೆ ಹೊಡೆಯುತ್ತಿದ್ದೆ ಎಂದು ಅವನಾದರೂ ಯಾರಿಗೆ ಹೇಳಿಯಾನು? ಕುರ್ಚಿ ಸಿಕ್ಕಿದ್ದೇ ತಡ, ಲಿಫ್ಟಿನ ಪಕ್ಕ ಬೋರ್ಡು ಹಾಕಿ ಕೈಯಾರೆ ಬರೆದ: "ಕಂಬಗಳೇ ಕಟ್ಟಡದ ಎಲುಬು. ಕಂಬ ಕೆಡಿಸಿದವರ ಹೆಸರು, ಅದು ದುರಸ್ತಿಯಾಗುವ ತನಕ, ಇಲ್ಲಿ ಕೆಂಪಕ್ಷರದಲ್ಲಿ ಇರುತ್ತದೆ." ಮೊದಲ ಹೆಸರು ರಮಾನಾಥನದು. ಪಾಪ, ಮೊಮ್ಮಗಳ ತೊಟ್ಟಿಲು ಕಟ್ಟಲು ಕಂಬಕ್ಕೆ ಒಂದು ಕೊಕ್ಕೆ ಹೊಡೆದಿದ್ದ. ಕೊಕ್ಕೆ ಕಿತ್ತು ಸಿಮೆಂಟು ಮೆತ್ತುವ ತನಕ ಒಂದು ತಿಂಗಳು ಅವನ ಹೆಸರು ಅಲ್ಲಿ ಕೆಂಪು ಸೀಮೆಸುಣ್ಣದಲ್ಲಿ ಹೊಳೆದಿತ್ತು.

ಈಗ ಶಿವಪುತ್ರಪ್ಪ ತನ್ನ ಪಡಸಾಲೆಯ ಮೂಲೆಯಲ್ಲಿ ಮುಂದಕ್ಕೆ ಚಾಚಿಕೊಂಡಿದ್ದ ಕಂಬವನ್ನು ನೋಡಿದ. ಅದರ ಹೊಟ್ಟೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಹಿತ್ತಾಳೆಯ ಬಸವಣ್ಣ, ಮುಂದೊಂದು ದೀಪ. ಹನ್ನೆರಡು ವರ್ಷದ ಹಿಂದೆ ತಾನೇ ಕೊರೆದದ್ದು. ಊರ ಮನೆಯ ಗೋಡೆ ಎರಡು ಮೊಳ ದಪ್ಪ. ದೇವರಿಗೊಂದು, ಚಿಮಣಿಗೊಂದು, ಎಲೆಯಡಿಕೆಯ ಸಂಚಿಗೊಂದು ಗೂಡು ಇದ್ದೇ ಇರುತ್ತದೆ. ಮುಂಬಯಿಯ ಮನೆಯಲ್ಲಿ ದಪ್ಪಗೆ ಕಂಡದ್ದು ಇದೊಂದೇ. ಉಳಿಯೂ ಬೆಲ್ಲದ ಪೆಂಟೆಯೊಳಗೆ ಇಳಿದಂತೆ ಸಲೀಸಾಗಿ ಇಳಿದಿತ್ತು.

"ಮಲ್ಲವ್ವಾ, ಮಾನ ಹೋಗೂ ಹೊತ್ತ ಬಂತು! ಬಸವಣ್ಣನ್ನ ತಗಿ. ಗೂಡಿಗೆ ಕಪಾಟ ಅಡ್ಡ ಇಡೂಣು."

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ತಗದು ಎಲ್ಲಿಡ್ಲಿ? ಫ್ರಿಜ್ಜಿನ ಮ್ಯಾಲೆ? ನಿಮ್ಮವ್ವ ಸಾಯೂ ಮುಂದ ನನ್ನ ಉಡ್ಯಾಗ ಹಾಕಿದ ದೇವರದು. ಗೂಡಿನ್ಯಾಗ ದೀಪ ಹಚ್ಚಲಾರ್ದ ನಾ ಒಲಿ ಹಚ್ಚಾಕಿ ಅಲ್ಲ."

"ಒಂದ ದಿವ್ಸ, ಮಾರಾಯ್ತಿ!"

"ಹಂಗಾರ ಒಂದ ದಿವ್ಸ ಉಪಾಸ ಇರ್ರಿ."

ಭಾನುವಾರದ ಜೋಳದ ರೊಟ್ಟಿ, ಎಣ್ಣೆಗಾಯಿ ಕಣ್ಣ ಮುಂದೆ ಬಂದು ಹೋದವು. ಎದುರಿನ ಗೋಡೆ ಸಪಾಟಾಗಿತ್ತು, ಕಂಬದ ಸುಳಿವೇ ಇರಲಿಲ್ಲ. ಬರೀ ಗೋಡೆಗೆ ಗೂಡು ಕೊರೆದರೆ ಯಾರು ಬೇಡವೆನ್ನುತ್ತಾರೆ? ಶಿವಪುತ್ರಪ್ಪ ಉಳಿ ಸುತ್ತಿಗೆ ಹಿಡಿದ. ಈ ಗೋಡೆ ಮಾತ್ರ ಮಹಾ ಹಟಮಾರಿ. ಉಳಿ ಜಿಗಿಯಿತು, ಕಿಡಿ ಹಾರಿತು, ಹೆಬ್ಬೆರಳು ಬದನೆಕಾಯಿಯಾಯಿತು.

ಅಷ್ಟರಲ್ಲಿ ಬೆಲ್ಲು. ಶಿವಪುತ್ರಪ್ಪ ಬಾಗಿಲನ್ನು ಒಂದು ಗೇಣು ತೆರೆದು, ಸುಣ್ಣ ಬಡಿದ ತಲೆಯನ್ನಷ್ಟೇ ಹೊರಗೆ ಹಾಕಿದ. ರಮಾನಾಥ ನಿಂತಿದ್ದ.

"ಎಂಥ ಮಾರಾಯ್ರೆ ಶಬ್ದ? ನಮ್ಮ ಪ್ಲೇಟಲ್ಲಿ ಇಡ್ಲಿ ಕುಣಿಯುತ್ತಾ ಉಂಟು! ಭೂಕಂಪವೇ ಬಂತೋ ಅಂತ ಹೆದರಿದೆ."

"ಕಪಾಟ ಗ್ವಾಡಿಗೆ ಬಿಗ್ಯಾಕತ್ತೇನ್ರಿ. ನಾಳೆ ಭೂಕಂಪಾದ್ರ ಮೈಮ್ಯಾಲೆ ಬೀಳಬಾರ್ದಲ್ಲ?"

"ಅಬ್ಬ, ಎಂಥ ಮುಂದಾಲೋಚನೆ! ಉಳಿ ಯಾಕೆ? ನನ್ನ ಹತ್ರ ಡ್ರಿಲ್ ಉಂಟು." ಓಡಿ ಹೋಗಿ ತಂದೂ ಕೊಟ್ಟ. ಒಳಗೆ ಬಂದು ಸಹಾಯ ಮಾಡುತ್ತೇನೆಂದು ಹೊಸ್ತಿಲಿಗೆ ಕಾಲೂ ಇಟ್ಟ. ಶಿವಪುತ್ರಪ್ಪ ಡ್ರಿಲ್ಲು ಕಸಿದುಕೊಂಡು ಬಾಗಿಲು ಮುಚ್ಚಿದ.

ಹತ್ತೂವರೆಗೆ ಗೋಡೆ ಸೋತಿತು. ಗೂಡಿನ ಹಿಂಬದಿಯಲ್ಲಿ ಬೆರಳು ಗಾತ್ರದ ಕಬ್ಬಿಣವೊಂದು ಇಣುಕಿತು. ಯಾವುದೋ ಹಳೇ ನಲ್ಲಿ ಪೈಪೆಂದುಕೊಂಡು ಅದರ ಮುಂದೆಯೇ ಬಸವಣ್ಣನನ್ನು ಕೂರಿಸಿದರು. ಮಲ್ಲವ್ವ ದೀಪ ಹಚ್ಚಿದಳು, ಆಮೇಲೆ ಒಲೆ. ಗಂಡಹೆಂಡತಿ ಏದುಸಿರು ಬಿಡುತ್ತ ಕಪಾಟನ್ನು ತಳ್ಳಿ ಹಳೆಯ ಗೂಡಿಗೆ ಅಡ್ಡ ನಿಲ್ಲಿಸಿದರು.

ಹನ್ನೊಂದಕ್ಕೆ ಸರಿಯಾಗಿ ಇಂಜಿನಿಯರ್ ಮಾಧುರಿ ಬಂದಳು. ಕೈಯಲ್ಲೊಂದು ಪುಟ್ಟ ಯಂತ್ರ, ಕಂಕುಳಲ್ಲಿ ಕಟ್ಟಡದ ನಕ್ಷೆ, ಬೆನ್ನ ಹಿಂದೆ ಅರ್ಧ ಬಿಲ್ಡಿಂಗು. ಎಲ್ಲರ ಮುಂದೆ ರಮಾನಾಥ.

"ಅಂಕಲ್, ನಮ್ಮ ಪಪ್ಪಾ ಧಾರವಾಡದವ್ರು. ಕನ್ನಡ ಥೋಡಾ ಥೋಡಾ ಬರ್ತದೆ. ಗೋಡೆ ಒಳಗೆ ಸರಿಯಾ, ಅಂದ್ರೆ ಕಂಬದ ಕಬ್ಬಿಣದ ಸಲಾಕೆ, ಇದ್ರೆ ಈ ಮಶೀನ್ ಬೀಪ್ ಮಾಡ್ತದೆ. ಆ ಕಪಾಟ್ ಸ್ವಲ್ಪ ಸರಿಸ್ತೀರಾ?"

"ಬರಂಗಿಲ್ಲವ್ವಾ, ಗ್ವಾಡಿಗೆ ಬಿಗದೇನಿ. ಭೂಕಂಪದ ಸಲುವಾಗಿ."

"ನಾನೇ ಡ್ರಿಲ್ ಕೊಟ್ಟದ್ದು! ಎಷ್ಟು ಗಟ್ಟಿ ಕೂತಿದೆ ನೋಡಿ," ಎಂದು ರಮಾನಾಥ ಅಭಿಮಾನದಿಂದ ಕಪಾಟಿಗೊಂದು ಹೆಗಲು ಕೊಟ್ಟ. ಕಪಾಟು ಜರ್ರನೆ ಪಕ್ಕಕ್ಕೆ ಸರಿಯಿತು. ಮಸಿ ಹಿಡಿದ ಗೂಡು ಬಾಯಿ ತೆರೆದು ನಿಂತಿತು.

ಮರುಗಳಿಗೆ "ಅರೇ ಬಾಪ್ ರೇ! ಅಧ್ಯಕ್ಷರ ಕಂಬದಲ್ಲೇ!" ಎಂದು ಗಲಾಟೆ ಎದ್ದಿತು. ಶಿವಪುತ್ರಪ್ಪನ ಕಾಲ ಕೆಳಗಿನ ನೆಲ ನಿಜಕ್ಕೂ ನಡುಗಿದಂತಾಯಿತು. ಹನ್ನೆರಡು ವರ್ಷದಿಂದ ಗಳಿಸಿದ ಮರ್ಯಾದೆ ಈಗ ಲಿಫ್ಟಿನ ಪಕ್ಕ ನೇತಾಡಬೇಕೇ!

ಮಾಧುರಿ ಯಂತ್ರವನ್ನು ಗೂಡಿನ ಮೇಲೆ, ಕೆಳಗೆ, ಪಕ್ಕಕ್ಕೆ ಆಡಿಸಿದಳು. ಯಂತ್ರ ಉಸಿರೆತ್ತಲಿಲ್ಲ. ನಕ್ಷೆ ನೋಡಿ ನಕ್ಕಳು. "ಟೆನ್ಶನ್ ಬೇಡ ಅಂಕಲ್. ಇದು ಕಂಬ ಅಲ್ಲ. ಪೈಪ್ ಮುಚ್ಚೋಕೆ ಕಟ್ಟಿದ ಇಟ್ಟಂಗಿ ಗೋಡೆ. ಒಳಗೆ ಮೇಲಿನ ಮನೆಗಳ ಟಾಯ್ಲೆಟ್ ಪೈಪ್ ಇದೆ."

ಶಿವಪುತ್ರಪ್ಪನಿಗೆ ಹೋದ ಜೀವ ಬಂದಿತು. ಮಲ್ಲವ್ವನಿಗೆ ಇದ್ದ ಜೀವ ಹೋಯಿತು. "ಅಯ್ಯ ನನ ಶಿವನ! ಹನ್ನೆರಡ ವರ್ಷ ನನ್ನ ಬಸವಣ್ಣ ಸಂಡಾಸದ ಮಗ್ಗಲಕ್ಕ ಕುಂತಿದ್ನ?"

ಶಿವಪುತ್ರಪ್ಪ ಅವಳ ಕಡೆ ನೋಡಲೂ ಇಲ್ಲ. ಎದೆಯುಬ್ಬಿಸಿ ಜನರತ್ತ ತಿರುಗಿದ. "ಕೇಳಿದ್ರೇನ್ರಿ? ಯಾವ್ದು ಕಂಬ, ಯಾವ್ದು ಅಲ್ಲ ಅಂತ ಗೊತ್ತಿದ್ದೇ ಕೊರದಿದ್ದೆ! ಮೇಡಮ್ಮಾರ, ಖರೇ ಕಂಬ ಎಲ್ಲೈತಿ ಅಂತ ಈ ಮಂದಿಗೂ ಒಮ್ಮೆ ತೋರಿಸಿಬಿಡ್ರಿ."

"ಓಕೆ ಅಂಕಲ್. ಅದು ಗೋಡೆಯ ಒಳಗೇ ಇರ್ತದೆ, ಕಾಣಲ್ಲ." ಮಾಧುರಿ ಎದುರಿನ ಗೋಡೆಗೆ ಯಂತ್ರವಿಟ್ಟು ಮೆಲ್ಲಗೆ ನಡೆದಳು. ಬಸವಣ್ಣನ ಹತ್ತಿರ ಬಂದದ್ದೇ ಯಂತ್ರ ಕೂಗತೊಡಗಿತು. ಅವಳು ಚೆಂಡುಹೂ ಸರಿಸಿ ಇಣುಕಿದಳು, ಬೆರಳಿಗೆ ಹತ್ತಿದ ಪುಡಿ ನೋಡಿದಳು. "ಅಂಕಲ್... ಇದು ಕಂಬದ ಸರಿಯಾ. ಮತ್ತೆ ಇದು ಇವತ್ತೇ ಕೊರೆದದ್ದು!"

"ಓಹೋ, ನನ್ನ ಡ್ರಿಲ್ಲಿನ ಕೆಲಸ!" ಎಂದ ರಮಾನಾಥ.

ಇವತ್ತೇ ಕಬ್ಬಿಣದ ಆಸರೆ ಕೊಡಬೇಕು, ಮೂರ್ತಿ ತೆಗೆದರೆ ನಾಳೆಯೇ ಗೂಡು ತುಂಬಿ ದುರಸ್ತಿ ಮಾಡಬಹುದು ಎಂದಳು ಮಾಧುರಿ. ಮಲ್ಲವ್ವ ಗೂಡಿಗೆ ಬೆನ್ನು ಹಚ್ಚಿ ನಿಂತಳು. "ಹನ್ನೆರಡ ವರ್ಷದ ಮ್ಯಾಲೆ ಸ್ವಚ್ಛ ಜಾಗಾಕ್ಕ ಬಂದಾನ ನನ್ನ ದೇವರು. ಯಾರರ ಮುಟ್ರಿ ನೋಡೂಣು!"

ಸಂಜೆ ಪಡಸಾಲೆಯಲ್ಲಿ ಕಬ್ಬಿಣದ ಆಸರೆ ನಿಂತಿತು. ಶಿವಪುತ್ರಪ್ಪ ತಲೆ ತಗ್ಗಿಸಿ ಕೆಳಗಿಳಿದ. ಬೋರ್ಡಿನ ಮುಂದೆ ರಮಾನಾಥ ನಾಲಿಗೆ ಕಚ್ಚಿಕೊಂಡು ಮುತ್ತಿನಂಥ ಕೆಂಪಕ್ಷರ ಬರೆಯುತ್ತಿದ್ದ.

"ಎಷ್ಟ ದಿವ್ಸ ಇಡ್ತೀರಿ ಇದನ್ನ?"

"ನೀವೇ ಬರೆದದ್ದಲ್ವಾ? ದುರಸ್ತಿಯಾಗುವ ತನಕ." ಮೇಲಿನಿಂದ ಮಲ್ಲವ್ವನ ಸಂಜೆಯ ಪೂಜೆಯ ಗಂಟೆ ಕೇಳಿಸಿತು. ರಮಾನಾಥ ಬ್ರಶ್ಶನ್ನು ಮತ್ತೊಮ್ಮೆ ಡಬ್ಬಿಗೆ ಅದ್ದಿದ. "ಅದಕ್ಕೇ ಮಾರಾಯ್ರೆ, ಈ ಸಲ ಆಯಿಲ್ ಪೇಂಟೇ ತಂದೆ."